ಬಾಲಣ್ಣನ ಸಿನಿಮಾಕ್ಕೆ ಕನ್ನಡ ಅಕ್ಷರ ಹಾಕಿಸಿ: ಹಾಸನ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಹಾಸನ ಜಿಲ್ಲೆ
ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಹಾಸನ
ಕರ್ನಾಟಕ ಚಲನಚಿತ್ರ ಅಕಾಡೆಮಿ, ಬೆಂಗಳೂರು
ಹಾಗೂ ನಮ್ಮ ಅರಸೀಕೆರೆಯ ಜನಕ್ಕೆ

ಮಾನ್ಯರೇ,

ಅರಸೀಕೆರೆ ಬಸ್ ನಿಲ್ದಾಣದಲ್ಲಿ ಕಾಲೇಜು ಹುಡುಗರನ್ನು ನಿಲ್ಲಿಸಿ ಟಿ.ಎನ್. ಬಾಲಕೃಷ್ಣ ಯಾರು ಅಂತ ಕೇಳಿ. ತಲೆ ಆಡಿಸುತ್ತಾರೆ, ಗೊತ್ತಿಲ್ಲ. ಬಾಲಣ್ಣ ಅನ್ನಿ. ‘ಓ, ಅಭಿಮಾನ್ ಸ್ಟುಡಿಯೊ ಗಲಾಟೆ ಅಲ್ವಾ?’ ಅನ್ನುತ್ತಾರೆ. 2025ರ ಆಗಸ್ಟ್‌ನಲ್ಲಿ ಬಾಲಣ್ಣ ಕಟ್ಟಲು ಹೊರಟಿದ್ದ ಆ ಸ್ಟುಡಿಯೊದಲ್ಲಿದ್ದ ವಿಷ್ಣುವರ್ಧನ್ ಸಮಾಧಿಯನ್ನು ಕೆಡವಿದ ಸುದ್ದಿ ಟಿವಿಯಲ್ಲಿ ಓಡಿದ್ದೇ ಓಡಿದ್ದು. ಅದರ ಜೊತೆಗೆ ಬಾಲಣ್ಣನ ಹೆಸರೂ ಓಡಿತು. ಜಮೀನು, ಕೋರ್ಟು, ಎಕರೆ, ಗುಂಟೆ. ಆ ಜಗಳದ ಸರಿ ತಪ್ಪಿಗೆ ನಾನು ಬರುವುದಿಲ್ಲ. ನನ್ನ ಸಂಕಟ ಬೇರೆ. ಅರ್ಧ ಶತಮಾನ ಕನ್ನಡಿಗರನ್ನು ನಗಿಸಿದ, ಹಲ್ಲು ಕಡಿಯುವ ಹಾಗೆ ಮಾಡಿದ, ಕಣ್ಣಲ್ಲಿ ನೀರು ತರಿಸಿದ ಒಬ್ಬ ನಟ ತನ್ನ ಹುಟ್ಟೂರಿನಲ್ಲೇ ಒಂದು ಸರ್ವೆ ನಂಬರ್ ಆಗಿ ಉಳಿದುಬಿಟ್ಟರಲ್ಲ!

ನಾನು ಯಾರು ಅಂತ ಹೇಳಿಬಿಡುತ್ತೇನೆ. ಹೊಟ್ಟೆಪಾಡಿಗೆ ಕೊಬ್ಬರಿ ವ್ಯಾಪಾರ, ಖಯಾಲಿಗೆ ನಾಟಕ. ನಮ್ಮ ಕಡೆ ಆಡುವ ಕುರುಕ್ಷೇತ್ರದಲ್ಲಿ ನನ್ನದು ಶಕುನಿ ಪಾತ್ರ. ಅದರ ಜೊತೆಗೆ ಪ್ರಚಾರದ ಆಟೋಗಳಿಗೆ ದನಿ ಕೊಡುತ್ತೇನೆ. ಸೀರೆ ಮಾರಾಟ ಮೇಳ, ರಕ್ತದಾನ ಶಿಬಿರ, ಕಳೆದುಹೋದ ಎಮ್ಮೆ, ಯಾವುದಾದರೂ ಸರಿ. ಹಾಗಾಗಿ ನನ್ನ ದನಿಯನ್ನು ನೀವು ಕೇಳಿರಬಹುದು, ಮುಖ ನೋಡಿರಲಿಕ್ಕಿಲ್ಲ. ನನಗೊಬ್ಬಳು ತಂಗಿ ಇದ್ದಾಳೆ. ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ.

ನನ್ನ ಬೇಡಿಕೆ ಒಂದೇ. ಬಾಲಣ್ಣನ ಹಳೆಯ ಸಿನಿಮಾಗಳಿಗೆ ಕನ್ನಡದಲ್ಲೇ ಅಕ್ಷರ, ಅಂದರೆ ಸಬ್‌ಟೈಟಲ್, ಹಾಕಿಸಿ, ಕಿವಿ ಕೇಳಿಸದವರಿಗೆ ತೋರಿಸಿ. ಹಾಸನಾಂಬ ಕಲಾಕ್ಷೇತ್ರದಲ್ಲಿ ಶುರು ಮಾಡಿ, ಆಮೇಲೆ ತಾಲ್ಲೂಕುಗಳಿಗೆ ಒಯ್ಯಿರಿ. ಯಾಕೆ ಬಾಲಣ್ಣನದ್ದೇ ಅಂದರೆ, ಅವರಿಗೂ ಕಿವಿ ಕೇಳಿಸುತ್ತಿರಲಿಲ್ಲ.

ಈ ಮಾತು ಹೇಳಿದಾಗೆಲ್ಲ ಎದುರಿಗಿರುವವರು ನಂಬುವುದಿಲ್ಲ. ಬಾಲಣ್ಣನ ಮಾತಿನ ಟೈಮಿಂಗ್ ನೋಡಿದವರು ನಂಬುವುದಾದರೂ ಹೇಗೆ?

ಅವರು ಹುಟ್ಟಿದ್ದು ಅರಸೀಕೆರೆಯಲ್ಲಿ, 1910ರ ದಶಕದ ಶುರುವಿನಲ್ಲಿ. ಬಡತನದ ಮನೆ. ನಾಟಕ ಕಂಪನಿಗಳಲ್ಲಿ ದುಡಿದು ಬಂದವರು. ನಮ್ಮದು ರೈಲು ಜಂಕ್ಷನ್ ಊರು. ಬೆಂಗಳೂರು, ಹುಬ್ಬಳ್ಳಿ, ಮೈಸೂರು ಮೂರೂ ಕಡೆಯ ದಾರಿ ಇಲ್ಲಿ ಕೂಡುತ್ತದೆ. ಪರದೆ, ಪೆಟ್ಟಿಗೆ, ಹಾರ್ಮೋನಿಯಂ ಕಟ್ಟಿಕೊಂಡು ಊರೂರು ತಿರುಗುವ ಕಂಪನಿಗಳಿಗೆ ರೈಲಿನ ಊರೆಂದರೆ ಅನುಕೂಲ. ಇವತ್ತಿಗೂ ಈ ಸೀಮೆಯಲ್ಲಿ ನಾಟಕದ ಹುಚ್ಚು ಇಳಿದಿಲ್ಲ. ಇನ್ನೊಬ್ಬ ಪೋಷಕ ನಟ ದೊಡ್ಡಣ್ಣ ಹುಟ್ಟಿದ್ದೂ ಅರಸೀಕೆರೆಯಲ್ಲೇ. ಅವರು ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ ನಾಟಕ ಆಡಿ, ಅಲ್ಲಿಂದ ಸಿನಿಮಾಕ್ಕೆ ಹೋದರು.

ಬಾಲಣ್ಣ ಮೊದಲ ಸಲ ತೆರೆ ಮೇಲೆ ಬಂದದ್ದು 1943ರ ‘ರಾಧಾರಮಣ’ದಲ್ಲಿ. ಆಗ ಕನ್ನಡ ಸಿನಿಮಾ ಅಂದರೆ ವರ್ಷಕ್ಕೆ ಬೆರಳೆಣಿಕೆಯಷ್ಟು. ತಯಾರಾಗುತ್ತಿದ್ದದ್ದು ಹೆಚ್ಚಾಗಿ ಮದ್ರಾಸಿನಲ್ಲಿ. ಅದನ್ನೇ ನಂಬಿ ಕೂತರೆ ಹೊಟ್ಟೆ ತುಂಬುತ್ತಿರಲಿಲ್ಲ. 1950ರ ದಶಕದ ಕೊನೆಗೆ ಕೆಲಸ ತೀರಾ ಕಡಿಮೆಯಾದಾಗ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮತ್ತು ಬಾಲಣ್ಣ ಸೇರಿ ಕಲಾವಿದರ ಸಂಘ ಕಟ್ಟಿದರು. ಊರೂರಿಗೆ ಹೋಗಿ ನಾಟಕ ಆಡಿದರು. ಆಮೇಲೆ ತಾವೇ ಸೇರಿ ಸಿನಿಮಾ ಮಾಡಿದರು. 1960ರ ‘ರಣಧೀರ ಕಂಠೀರವ’ ಅದೇ. ಎನ್.ಸಿ. ರಾಜನ್ ನಿರ್ದೇಶಿಸಿದರು. ಕೆಲಸ ಸಿಗದ ನಟರು ಸೇರಿ ಸಿನಿಮಾ ತೆಗೆದದ್ದು ಸಣ್ಣ ವಿಷಯವಲ್ಲ. ಇವತ್ತು ಯಾರಾದರೂ ಹಾಗೆ ಮಾಡಿದರೆ ಟಿವಿಯವರು ಒಂದು ವಾರ ಅದನ್ನೇ ತೋರಿಸುತ್ತಾರೆ.

ಅಲ್ಲಿಂದ ಮುಂದೆ ಕೊನೆಯವರೆಗೂ ಅವರು ಕೈ ಖಾಲಿ ಮಾಡಿಕೊಂಡು ಕೂತವರಲ್ಲ. 500ಕ್ಕೂ ಜಾಸ್ತಿ ಚಿತ್ರ. ಶಾನುಭೋಗ, ಜಿಪುಣ ಸಾಹುಕಾರ, ಮದುವೆ ದಲ್ಲಾಳಿ, ಮನೆ ಮುರುಕ ಮಾವ, ಪಾಪದ ಗುಮಾಸ್ತ. ಊರಿಗೊಬ್ಬ ಇರುತ್ತಾನಲ್ಲ ತನ್ನ ಕೆಲಸ ಬಿಟ್ಟು ಎಲ್ಲರ ಮನೆ ವಿಷಯಕ್ಕೂ ಮೂಗು ತೂರಿಸುವವನು, ಅವನನ್ನು ಬಾಲಣ್ಣ ಮಾಡಿದ ಹಾಗೆ ಮತ್ತೊಬ್ಬರು ಮಾಡಲಿಲ್ಲ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಬನ್ನಿ. ಹಾಗಂತ ಬರೀ ಕಿತಾಪತಿಯ ಪಾತ್ರಗಳಷ್ಟೇ ಅಲ್ಲ. 1972ರ ‘ಬಂಗಾರದ ಮನುಷ್ಯ’ದಲ್ಲಿ ಅವರು ರಾಚೂಟಪ್ಪ. ಪರಊರಿನಿಂದ ಬಂದ ರಾಜೀವನ ಬೆನ್ನಿಗೆ ನಿಲ್ಲುವ ಹಿರಿಯ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಸಿನಿಮಾ ಅದು. ರಾಜೀವನನ್ನು ಎಲ್ಲರೂ ನೆನೆಯುತ್ತಾರೆ. ರಾಚೂಟಪ್ಪ ಇಲ್ಲದಿದ್ದರೆ ರಾಜೀವ ಆ ಊರಿನಲ್ಲಿ ಕಾಲು ಊರುತ್ತಿದ್ದನಾ? ಪೋಷಕ ನಟನ ಹಣೆಬರಹವೇ ಅಷ್ಟು. ನಾಯಕ ನಿಲ್ಲುವ ನೆಲ ಗಟ್ಟಿ ಮಾಡಿಕೊಟ್ಟು ಪಕ್ಕಕ್ಕೆ ಸರಿಯಬೇಕು.

ಈಗ ಕಿವಿಯ ವಿಷಯಕ್ಕೆ ಬರುತ್ತೇನೆ. ಬಾಲಣ್ಣ ಎದುರು ನಟರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ನಾಟಕ ಆಡಿದವರಿಗೆ ಇದರ ಕಷ್ಟ ಗೊತ್ತು. ರಂಗದ ಮೇಲೆ ನಮ್ಮ ಮಾತು ಎಷ್ಟು ಬಾಯಿಪಾಠ ಇದ್ದರೂ ಸಾಲದು. ಎದುರಿನವನ ಕೊನೆಯ ಮಾತು ಕಿವಿಗೆ ಬಿದ್ದಾಗಲೇ ನಮ್ಮ ಬಾಯಿ ತೆರೆಯುವುದು. ಅವನು ಒಂದು ಪದ ನುಂಗಿದರೆ ನಾವು ಅಲ್ಲೇ ತಡವರಿಸುತ್ತೇವೆ. ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದ ಪ್ರಾಂಪ್ಟರ್ ಪಿಸುಗುಟ್ಟಿದರೆ ಬದುಕಿದೆವು. ಕಿವಿ ಕೇಳಿಸದವನಿಗೆ ಪ್ರಾಂಪ್ಟರ್ ಇದ್ದೂ ಇಲ್ಲ. ಅವನು ತನ್ನ ಮಾತಿನ ಜೊತೆಗೆ ಎದುರಿನವರ ಮಾತೂ ಕಲಿತಿರಬೇಕು. ಅವರ ತುಟಿ ಯಾವಾಗ ನಿಲ್ಲುತ್ತದೆ, ಹುಬ್ಬು ಯಾವಾಗ ಏರುತ್ತದೆ, ಎಲ್ಲ ಗಮನಿಸಬೇಕು. ಅಷ್ಟರ ನಡುವೆ ತಾನು ಗಮನಿಸುತ್ತಿದ್ದೇನೆ ಅನ್ನುವುದು ನೋಡುವವರಿಗೆ ಗೊತ್ತಾಗಬಾರದು.

ಬಾಲಣ್ಣನ ಯಾವುದಾದರೂ ದೃಶ್ಯ ಹಾಕಿಕೊಂಡು ಸುಮ್ನೆ ಅವರ ಕಣ್ಣನ್ನೇ ನೋಡಿ. ಎದುರಿನವರ ಮುಖ ಬಿಟ್ಟು ಹೋಗುವುದೇ ಅಪರೂಪ. ನಮಗೆ ಅದು ಪಾತ್ರದ ಕುತೂಹಲ ಅನ್ನಿಸುತ್ತದೆ. ಮೂಗು ತೂರಿಸುವ ಮನುಷ್ಯ ಹಾಗೇ ತಾನೇ ನೋಡಬೇಕು! ತನ್ನ ಕೊರತೆಯನ್ನೇ ಪಾತ್ರದ ಸ್ವಭಾವ ಮಾಡಿಕೊಂಡ ಜಾಣ.

ಇನ್ನು ಆ ದನಿ. ಸ್ವಲ್ಪ ಕೀರಲು, ಸ್ವಲ್ಪ ರಾಗ, ಸಾಲಿನ ಕೊನೆಗೆ ಒಂದು ಎಳೆತ. ಪಕ್ಕದ ರೂಮಿನಲ್ಲಿ ಟಿವಿ ಓಡುತ್ತಿದ್ದರೂ ಸಾಕು, ‘ಬಾಲಣ್ಣ ಬಂದ್ರು’ ಅಂತ ಅಡುಗೆಮನೆಯಿಂದಲೇ ನಮ್ಮಮ್ಮ ಹೇಳುತ್ತಿದ್ದರು. ಇದನ್ನು ನಾನು ದನಿ ಮಾರಿಕೊಳ್ಳುವವನಾಗಿ ಹೇಳುತ್ತಿದ್ದೇನೆ. ನಾವು ಮಾತಾಡುವಾಗ ನಮ್ಮ ದನಿಯನ್ನು ನಮ್ಮ ಕಿವಿಯೇ ಕಾಯುತ್ತಿರುತ್ತದೆ. ಜಾಸ್ತಿಯಾಯಿತಾ, ಕಮ್ಮಿಯಾಯಿತಾ, ಶ್ರುತಿ ತಪ್ಪಿತಾ ಅಂತ ಗಳಿಗೆ ಗಳಿಗೆಗೂ ಹೇಳುತ್ತಿರುತ್ತದೆ. ರೆಕಾರ್ಡಿಂಗಿನಲ್ಲಿ ಹೆಡ್‌ಫೋನ್ ಒಂದು ಕಡೆ ಕೈಕೊಟ್ಟರೂ ನಾನು ಕಿರುಚಲು ಶುರು ಮಾಡುತ್ತೇನೆ. ಆ ಕಾವಲು ಇಲ್ಲದೆ ಒಬ್ಬ ಮನುಷ್ಯ ಇಷ್ಟು ದಶಕ ಒಂದೇ ಹದದಲ್ಲಿ ಮಾತಾಡಿ, ಕನ್ನಡದಲ್ಲಿ ಎಲ್ಲರಿಗಿಂತ ಬೇಗ ಗುರುತು ಸಿಗುವ ದನಿಗಳಲ್ಲಿ ಒಂದನ್ನು ಸಂಪಾದಿಸಿದರು. ಕೆ.ಎಸ್. ಅಶ್ವಥ್ ಅವರಿಗೆ ಮೈಸೂರು ಆಕಾಶವಾಣಿಯ ನಾಟಕಗಳ ಪಳಗು ಇತ್ತು. ಆ ದನಿಯ ಗಾಂಭೀರ್ಯ ಎಲ್ಲಿಂದ ಬಂತು ಅನ್ನುವುದು ಅರ್ಥವಾಗುತ್ತದೆ. ಬಾಲಣ್ಣನದ್ದು ಮಾತ್ರ ನನಗೆ ಇವತ್ತಿಗೂ ಸೋಜಿಗ.

1995ರ ಜುಲೈ 19ರಂದು ಅವರು ತೀರಿಕೊಂಡರು. ಕನ್ನಡ ಸಿನಿಮಾ ಮದ್ರಾಸಿನ ಹಂಗು ಬಿಟ್ಟು ಇಲ್ಲೇ ತಯಾರಾಗಲಿ ಅಂತ ಕೆಂಗೇರಿ ಹತ್ತಿರದ ಮೈಲಸಂದ್ರದಲ್ಲಿ ಸರಕಾರ ಕೊಟ್ಟ 20 ಎಕರೆಯಲ್ಲಿ ಸ್ಟುಡಿಯೊ ಕಟ್ಟಲು ಹೊರಟದ್ದು, ಅದಕ್ಕಾಗಿ ಪಟ್ಟ ಪಾಡು ಎಲ್ಲ ನೀವು ಬಲ್ಲಿರಿ. ಅದರ ಮುಂದಿನ ಕತೆ ಟಿವಿಯಲ್ಲಿ ನೋಡಿದ್ದೀರಿ. ಅಲ್ಲಿಗೆ ಬಿಡೋಣ.

ನನ್ನ ತಂಗಿಯ ವಿಷಯ. ಚಿಕ್ಕವಳಿದ್ದಾಗ ಭಾನುವಾರದ ಸಿನಿಮಾಕ್ಕೆ ನಮ್ಮ ಜೊತೆಗೇ ಕೂರುತ್ತಿದ್ದಳು. ಹೀರೊ ಬಂದರೆ ಅವಳಿಗೆ ಬೇಜಾರು. ಹೀರೊಗಳು ಮುಖ ಜಾಸ್ತಿ ಕುಣಿಸುವುದಿಲ್ಲವಲ್ಲ, ಸುಂದರವಾಗಿ ನಿಂತಿರುತ್ತಾರೆ ಅಷ್ಟೆ. ಬಾಲಣ್ಣ ಬಂದರೆ ಮುಂದಕ್ಕೆ ಸರಿದು ಕೂರುತ್ತಿದ್ದಳು. ಅವರ ಮುಖದಲ್ಲಿ ಮಾತು ಬಾಯಿಗಿಂತ ಮೊದಲೇ ಬರುತ್ತದೆ. ಆದರೆ ನಾವೆಲ್ಲ ಗೊಳ್ಳೆಂದು ನಕ್ಕಾಗ ಅವಳು ಟಿವಿ ಬಿಟ್ಟು ನಮ್ಮ ಮುಖ ನೋಡುತ್ತಿದ್ದಳು. ಏನಂತೆ ಅಂತ ಕೈಸನ್ನೆ. ನಾನು ಹೇಳಿ ಮುಗಿಸುವ ಹೊತ್ತಿಗೆ ಮುಂದಿನ ಜೋಕು ಬಂದಿರುತ್ತಿತ್ತು. ಈಗ ಅವಳಿಗೆ ಮದುವೆಯಾಗಿ ಮಕ್ಕಳಿದ್ದಾರೆ. ಕನ್ನಡ ಪೇಪರ್ ಮೊದಲ ಪುಟದಿಂದ ಕೊನೆಯವರೆಗೂ ಓದುತ್ತಾಳೆ. ನನ್ನ ಮೆಸೇಜಿನಲ್ಲಿ ಒತ್ತಕ್ಷರ ತಪ್ಪಿದರೆ ತಿದ್ದಿ ಕಳಿಸುತ್ತಾಳೆ. ಸಿನಿಮಾ ಮಾತ್ರ ಬಿಟ್ಟುಬಿಟ್ಟಿದ್ದಾಳೆ.

ಒಂದು ಸಲ ಹಾಸನದ ಒಂದು ಚಿತ್ರಮಂದಿರದಲ್ಲಿ, ಕೆಳಗೆ ಅಕ್ಷರ ಬರುವ ಶೋ ಏನಾದರೂ ಇದೆಯಾ ಅಂತ ಅವಳ ಪರವಾಗಿ ನಾನು ಕೇಳಿದೆ. ಕೌಂಟರಿನ ಹುಡುಗ ‘ಕನ್ನಡ ಸಿನಿಮಾಕ್ಕೆ ಯಾಕೆ ಸಾರ್ ಸಬ್‌ಟೈಟಲ್, ಕನ್ನಡದವರಲ್ವಾ ನೀವು?’ ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅಕ್ಷರ ಅಂದರೆ ಭಾಷೆ ಬಾರದವರಿಗೆ ಅಂತಲೇ ನಾವೆಲ್ಲ ತಿಳಿದಿದ್ದೇವೆ.

ಅಕಾಡೆಮಿಯವರೇ, ಈ ಮಾತು ನಿಮಗೆ. ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವ ನೀವೇ ನಡೆಸುತ್ತೀರಿ. ಅಲ್ಲಿ ಕನ್ನಡ ಚಿತ್ರಗಳ ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತದೆ. ಹೊರದೇಶದಿಂದ ಬಂದವರಿಗೆ ನಮ್ಮ ಸಿನಿಮಾ ಅರ್ಥವಾಗಲಿ ಅಂತ. ಒಳ್ಳೆಯದೇ. ಒಟಿಟಿಯಲ್ಲೂ ಅದೇ ಕತೆ. ಬಹುಪಾಲು ಕನ್ನಡ ಚಿತ್ರಗಳಿಗೆ ಸಿಗುವುದು ಇಂಗ್ಲಿಷ್ ಅಕ್ಷರ, ಕನ್ನಡ ಅಕ್ಷರ ಹುಡುಕಬೇಕು. ಅಂದರೆ ಫ್ರಾನ್ಸಿನಿಂದ ಬಂದವರಿಗೆ ಬಾಲಣ್ಣನ ಜೋಕು ತಲುಪಿಸಲು ನಮ್ಮಲ್ಲಿ ದಾರಿ ಇದೆ. ಅರಸೀಕೆರೆಯಲ್ಲಿ ಕನ್ನಡ ಓದಿಕೊಂಡಿರುವ ನನ್ನ ತಂಗಿಗೆ ತಲುಪಿಸಲು ಇಲ್ಲ.

ಇದು ನಾನು ಭಿಕ್ಷೆ ಕೇಳುತ್ತಿರುವುದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ನೋಡಿ. ಎಲೆಕ್ಟ್ರಾನಿಕ್ ಮಾಧ್ಯಮ ಎಲ್ಲರಿಗೂ ಸಿಗುವಂತೆ ಸರಕಾರ ಕ್ರಮ ತೆಗೆದುಕೊಳ್ಳಬೇಕು ಅನ್ನುತ್ತದೆ. ದೃಶ್ಯದ ವಿವರಣೆ, ಸಂಜ್ಞಾ ಭಾಷೆ, ಕ್ಯಾಪ್ಷನ್ ಮೂರನ್ನೂ ಹೆಸರಿಸಿ ಹೇಳುತ್ತದೆ. 2024ರ ಮಾರ್ಚ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಿತ್ರಮಂದಿರಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ಕಿವಿ ಕೇಳಿಸದವರಿಗೂ ಕಣ್ಣು ಕಾಣದವರಿಗೂ ಸಿನಿಮಾ ಸಿಗುವ ಹಾಗೆ ನಿರ್ಮಾಪಕರು ಹಂತ ಹಂತವಾಗಿ ವ್ಯವಸ್ಥೆ ಮಾಡಬೇಕು ಅಂತ. ಆದರೆ ಅದೆಲ್ಲ ಹೊಸ ಸಿನಿಮಾಗಳ ಮಾತು. ಹಳೆಯ ಸಿನಿಮಾಗಳಿಗೆ ಯಾರು? ನಿರ್ಮಾಪಕರು ಈಗಿಲ್ಲ, ಬ್ಯಾನರ್ ಇಲ್ಲ, ಆಫೀಸೂ ಇಲ್ಲ. ಸರಕಾರವೇ ಕೈಹಾಕಬೇಕು.

ಜನ ಎಷ್ಟಿದ್ದಾರೆ ಅಂತ ನೀವು ಕೇಳಬಹುದು. 2011ರ ಜನಗಣತಿಯಲ್ಲಿ ಕಿವಿಯ ತೊಂದರೆ ಇರುವವರು ಅಂತ ದೇಶದಲ್ಲಿ ಬರೆಸಿಕೊಂಡವರೇ 50 ಲಕ್ಷ ದಾಟಿದ್ದಾರೆ. ವಯಸ್ಸಾಗಿ ಕಿವಿ ಮಂದವಾದ ಅಜ್ಜ ಅಜ್ಜಿಯರಲ್ಲಿ ಎಷ್ಟು ಜನ ಬರೆಸಿಕೊಂಡಿರುತ್ತಾರೆ ಹೇಳಿ? ಬಾಲಣ್ಣನ ಸಿನಿಮಾವನ್ನು ಮೊದಲ ವಾರವೇ ಟೆಂಟಿನಲ್ಲಿ ಕೂತು ನೋಡಿದ ತಲೆಮಾರು ಅದು. ಅವರ ಮನೆಗಳಲ್ಲಿ ಈಗ ಟಿವಿ ವಾಲ್ಯೂಮಿಗಾಗಿ ದಿನಾ ಜಗಳ.

ಇನ್ನು ಕೆಲಸದ ಮಾತು. ಕಷ್ಟವೇನಿಲ್ಲ. ಸಬ್‌ಟೈಟಲ್ ಫೈಲ್ ಅಂದರೆ ಬರೀ ಅಕ್ಷರದ ಫೈಲು. ಸಾಲಿನ ನಂಬರು, ಶುರುವಾಗುವ ಸಮಯ, ಮುಗಿಯುವ ಸಮಯ, ಮಾತು. ಅಷ್ಟೆ. ಕನ್ನಡ ಯುನಿಕೋಡಿನಲ್ಲಿ ಟೈಪ್ ಮಾಡಿದರೆ ಆಯಿತು. ಸಬ್‌ಟೈಟಲ್ ಎಡಿಟ್, ಈಜಿಸಬ್ ಅನ್ನುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಸಿನಿಮಾದ ಮೇಲೆ ಅಕ್ಷರ ಅಚ್ಚು ಹಾಕಬೇಕಾಗಿಯೂ ಇಲ್ಲ. ಫೈಲ್ ಪಕ್ಕದಲ್ಲಿಟ್ಟು ಓಡಿಸಿದರೆ ಪರದೆ ಮೇಲೆ ಬರುತ್ತದೆ. ಜಿಲ್ಲೆಯ ಯಾವುದಾದರೂ ಕಾಲೇಜಿನ ಕನ್ನಡ ವಿಭಾಗದ ಮಕ್ಕಳಿಗೆ ಇದನ್ನೇ ಒಂದು ಪ್ರಾಜೆಕ್ಟ್ ಕೊಡಿ. ಸುಮ್ನೆ ಯಾವುದೋ ಪುಸ್ತಕದಿಂದ ನಕಲು ಮಾಡಿ ಸ್ಪೈರಲ್ ಬೈಂಡಿಂಗ್ ಹಾಕಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಆದರೆ ಒಂದು ಎಚ್ಚರ. ಬರೀ ಮಾತು ಬರೆದಿಟ್ಟರೆ ಸಾಲದು. ಕಿವಿ ಕೇಳಿಸದವರಿಗೆ ಬಾಗಿಲು ಬಡಿದ ಸದ್ದು ಬೇಕು, ಒಳಗಿನಿಂದ ಕೆಮ್ಮಿದ್ದು ಬೇಕು, ಹಿನ್ನೆಲೆಯಲ್ಲಿ ನಾದಸ್ವರ ಶುರುವಾದದ್ದು ಬೇಕು. ಮಾತಿನ ಬಣ್ಣವೂ ಬೇಕು. ಬಾಲಣ್ಣ ‘ಆಗ್ಲಿ ಬಿಡಿ’ ಅಂದರೆ ಅದು ಒಪ್ಪಿಗೆಯಾ, ಕೊಂಕಾ, ಸೋತು ಸುಮ್ಮನಾದದ್ದಾ? ಅಕ್ಷರದಲ್ಲಿ ಮೂರೂ ಒಂದೇ. ಅದನ್ನು ಕಂಸದಲ್ಲಿ ಎರಡೇ ಪದದಲ್ಲಿ ಹೇಳಬೇಕು. ಅದೂ ಅವರ ಮುಖ ನೋಡಲು ಸಮಯ ಉಳಿಯುವ ಹಾಗೆ. ಎರಡು ಸಾಲಿಗಿಂತ ಜಾಸ್ತಿ ತುಂಬಿದರೆ ನೋಡುವವರು ಓದುತ್ತಾ ಕೂರುತ್ತಾರೆ, ಮುಖ ತಪ್ಪಿಹೋಗುತ್ತದೆ. ಜೋಕು ಬಾಯಿಂದ ಬೀಳುವ ಮೊದಲೇ ಅಕ್ಷರ ಬಂದರೆ ಇನ್ನೂ ಅಧ್ವಾನ. ಹಾಗಾಗಿ ಮುಗಿಸಿದ ಮೇಲೆ ಕಿವಿ ಕೇಳಿಸದವರನ್ನೇ ಕೂರಿಸಿ ತೋರಿಸಿ, ಅವರು ಹೇಳಿದ ಹಾಗೆ ತಿದ್ದಿ. ನನ್ನ ತಂಗಿ ತಯಾರಿದ್ದಾಳೆ. ಅವಳು ಒಪ್ಪಿದರೆ ಜಿಲ್ಲೆ ಒಪ್ಪಿದ ಹಾಗೆ, ಅಷ್ಟು ಕಟ್ಟುನಿಟ್ಟು.

ಹಕ್ಕಿನ ತಕರಾರು ಬರುತ್ತದೆ ಅಂತ ಫೈಲಿನಲ್ಲಿ ಒಂದು ಷರಾ ಬೀಳುವುದು ನನಗೆ ಗೊತ್ತು. ಅದಕ್ಕೂ ಉತ್ತರ ಇದೆ. ನಮ್ಮ ದೇಶದಲ್ಲಿ ಸಿನಿಮಾದ ಮೇಲಿನ ಹಕ್ಕುಸ್ವಾಮ್ಯ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. ‘ರಣಧೀರ ಕಂಠೀರವ’ ಬಂದದ್ದು 1960ರಲ್ಲಿ. ಅದರ ಅವಧಿ 2020ಕ್ಕೆ ಮುಗಿಯಿತು. ರಾಜ್‌ಕುಮಾರ್ ಕುರುಡ ಗಾಯಕನಾದ, ಬಾಲಣ್ಣನೂ ಇರುವ 1961ರ ‘ಕಣ್ತೆರೆದು ನೋಡು’ ಚಿತ್ರದ್ದು 2021ಕ್ಕೆ. ಹೊಸ ಚಿತ್ರಗಳಿಗೂ ದಾರಿ ಇದೆ. 2012ರ ತಿದ್ದುಪಡಿಯಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ಒಂದು ವಿನಾಯಿತಿ ಸೇರಿತು. ವಿಕಲಚೇತನರಿಗೆ ಕೃತಿ ತಲುಪಿಸಲು, ಲಾಭದ ಉದ್ದೇಶ ಇಲ್ಲದೆ, ಅವರಿಗೆ ಸಿಗುವ ರೂಪಕ್ಕೆ ಬದಲಾಯಿಸಬಹುದು. ಹಾಡು, ಸಾಹಿತ್ಯದ ಹಕ್ಕು ಬೇರೆ ಲೆಕ್ಕ. ಸರಕಾರಿ ವಕೀಲರನ್ನು ಒಂದು ಮಾತು ಕೇಳಿ. ಅದಕ್ಕೇ ತಾನೇ ಅವರಿರುವುದು.

ನಿಜವಾದ ಕಷ್ಟ ಇರುವುದು ಪ್ರಿಂಟಿನದು. ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನ’, ಇವತ್ತು ನೋಡಲು ಸಿಗುವುದಿಲ್ಲ. ಹಳೆಯ ರೀಲುಗಳು ಗೋಡೌನಿನಲ್ಲಿ ಕೊಳೆತಿವೆ, ಕೆಲವನ್ನು ಬೆಳ್ಳಿ ತೆಗೆಯಲು ಕರಗಿಸಿದ್ದೂ ಉಂಟು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ನಮ್ಮಂಥವರು ಕಾಗದ ಬರೆದರೆ ಎಲ್ಲಿಗೆ ಹೋಗುತ್ತದೋ. ಅಕಾಡೆಮಿ ಬರೆದರೆ ಉತ್ತರ ಬರುತ್ತದೆ. ಬಾಲಣ್ಣನ ಯಾವ ಯಾವ ಸಿನಿಮಾ ಅಲ್ಲಿ ಒಳ್ಳೆಯ ಸ್ಥಿತಿಯಲ್ಲಿದೆ ಅಂತ ಒಂದು ಪಟ್ಟಿ ತರಿಸಿ. ಮಿಕ್ಕದ್ದಕ್ಕೆ ಮೊದಲ ಹೆಜ್ಜೆ ಅದೇ.

ಇದರ ಜೊತೆಗೆ ಇನ್ನೊಂದು ಆಸೆ ಇದೆ. ಕಣ್ಣು ಕಾಣದವರಿಗೆ ಸಿನಿಮಾದ ದೃಶ್ಯವನ್ನು ದನಿಯಲ್ಲಿ ಹೇಳುವ ಕೆಲಸ. ಪಾತ್ರಗಳ ಮಾತಿನ ನಡುವೆ ಸಿಗುವ ಸಣ್ಣ ಸಣ್ಣ ಸಂದಿನಲ್ಲಿ ‘ಬಾಲಣ್ಣ ಕಿಟಕಿಯಿಂದ ಇಣುಕುತ್ತಾರೆ, ಕೊಡೆಯನ್ನು ಬೆನ್ನ ಹಿಂದೆ ಮುಚ್ಚಿಡುತ್ತಾರೆ’ ಅಂತ ಹೇಳಿ ಮುಗಿಸಬೇಕು. ಇದು ಅಪ್ಪಟ ಕಂಠದ ಕಲೆ. ಡಬ್ಬಿಂಗ್ ಮಾಡುವವರಿಗೆ ಕೊನೇಪಕ್ಷ ತುಟಿಯ ಆಸರೆ ಇರುತ್ತದೆ. ಇಲ್ಲಿ ಅದೂ ಇಲ್ಲ.

ಡಬ್ಬಿಂಗ್ ಅಂದಾಗ ನೆನಪಾಯಿತು. 1960ರ ದಶಕದ ಕನ್ನಡ ಚಳವಳಿಯ ಕಾಲದಿಂದ ದಶಕಗಟ್ಟಲೆ ಕನ್ನಡಕ್ಕೆ ಬೇರೆ ಭಾಷೆಯ ಚಿತ್ರಗಳು ಡಬ್ ಆಗಿ ಬರುತ್ತಿರಲಿಲ್ಲ. ನಮ್ಮ ಕಲಾವಿದರ ಅನ್ನ ಉಳಿಯಲಿ ಅಂತ. 2015ರಲ್ಲಿ ಸ್ಪರ್ಧಾ ಆಯೋಗದ, ಅಂದರೆ ವ್ಯಾಪಾರದ ಪೈಪೋಟಿ ಕಾಯುವ ಕೇಂದ್ರದ ಸಂಸ್ಥೆಯ, ತೀರ್ಪು ಬಂದ ಮೇಲೆ ಆ ತಡೆ ಸಡಿಲವಾಯಿತು. 2020ರ ಲಾಕ್‌ಡೌನಿನಲ್ಲಿ ಮಹಾಭಾರತ ಧಾರಾವಾಹಿ ಕನ್ನಡದಲ್ಲೇ ಮಾತಾಡಿತು. ಈಗಂತೂ ದೊಡ್ಡ ಸಿನಿಮಾ ಅಂದರೆ ಐದು ಭಾಷೆ. ಅದು ಸರಿಯೋ ತಪ್ಪೋ ಅನ್ನುವ ಚರ್ಚೆ ಮುಗಿಯುವುದಿಲ್ಲ. ಆದರೆ ಕಂಠ ಕಲಾವಿದರ ಒಂದು ದೊಡ್ಡ ಪಡೆಯೇ ಬೆಳೆದಿದೆ ಅನ್ನುವುದು ನಿಜ. ತೆಲುಗಿನಲ್ಲಿ ಬೇರೆಯವರಿಗೆ ದನಿ ಕೊಡುತ್ತಿದ್ದ ಸಾಯಿಕುಮಾರ್ 1996ರ ‘ಪೊಲೀಸ್ ಸ್ಟೋರಿ’ಯಿಂದ ಕನ್ನಡದವರ ಮನೆಮಾತಾದರು. ಅದೇ ದಾರಿಯಲ್ಲಿ ಬಂದ ಅವರ ತಮ್ಮ ರವಿಶಂಕರ್ 2011ರ ‘ಕೆಂಪೇಗೌಡ’ದಲ್ಲಿ ಆರ್ಮುಗಂ ಆದರು. ಇವರಿಬ್ಬರಿಗೆ ಮುಖ ಸಿಕ್ಕಿತು. ಮಿಕ್ಕವರ ಹೆಸರು ಸಿನಿಮಾದ ಕೊನೆಗೆ, ಜನ ಪಾರ್ಕಿಂಗಿಗೆ ಓಡುವ ಹೊತ್ತಿನಲ್ಲಿ, ಇರುವೆ ಸಾಲಿನ ಹಾಗೆ ಹೋಗುತ್ತದೆ.

ದೃಶ್ಯ ವಿವರಣೆಗೆ ಬೆಂಗಳೂರಿನಿಂದ ಜನ ಕರೆಸಬೇಡಿ. ಇಲ್ಲೇ ಇದ್ದಾರೆ. ಹಾಸನದಲ್ಲಿ ಆಕಾಶವಾಣಿ ಕೇಂದ್ರ ಇದೆ, ಅದರಲ್ಲಿ ನಾಟಕ ಓದಿದವರಿದ್ದಾರೆ. ಹಳ್ಳಿ ಹಳ್ಳಿಯಲ್ಲಿ ನಮ್ಮಂಥ ಪೌರಾಣಿಕ ನಾಟಕದವರಿದ್ದಾರೆ. ನಮ್ಮ ಪದ್ಧತಿ ನಿಮಗೆ ಗೊತ್ತಿರಬೇಕು. ನಟನಿಗೆ ಸಂಭಾವನೆ ಇಲ್ಲ, ನಟನೇ ಪಾತ್ರಕ್ಕೆ ದುಡ್ಡು ಕಟ್ಟಬೇಕು. ಸೀನರಿ, ಮೇಷ್ಟ್ರು, ಸ್ತ್ರೀ ಪಾತ್ರದವರ ಖರ್ಚು ಎಲ್ಲ ಅದರಲ್ಲೇ. ದುರ್ಯೋಧನ, ಕೃಷ್ಣ ದುಬಾರಿ. ವಿದುರ, ಸಂಜಯ ಅಗ್ಗ. ಅಗ್ಗದ ಪಾತ್ರ ಹಿಡಿದವರಲ್ಲೇ ಒಳ್ಳೆಯ ದನಿಗಳಿವೆ, ಇದು ನನ್ನ ಗಟ್ಟಿ ನಂಬಿಕೆ. ಜೇಬಿನಲ್ಲಿ ಕಾಸಿಲ್ಲದೆ ಸಂಜಯ ಆದವರು ಅವರು. ಕುರುಡ ರಾಜನಿಗೆ ಯುದ್ಧವನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಿದವನು ಸಂಜಯನೇ ಅಲ್ವಾ? ಅಭ್ಯಾಸ ಆಗಲೇ ಇದೆ. ಒಂದು ಮೈಕು, ಒಂದು ಸದ್ದಿಲ್ಲದ ಕೋಣೆ ಕೊಡಿ. ಮತ್ತೆ, ದಯವಿಟ್ಟು ದುಡ್ಡು ಕೊಡಿ. ಶಾಲು, ಹಾರ, ನೆನಪಿನ ಕಾಣಿಕೆ ಮನೆಯಲ್ಲಿ ಇಡಲು ಜಾಗ ಇಲ್ಲ.

ಅರಸೀಕೆರೆಯ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ಒಂದು ಮಾತು. ಬಾಲಣ್ಣನ ಹೆಸರು ಎತ್ತಿದ ಕೂಡಲೇ ಪ್ರತಿಮೆ ಆಗಬೇಕು, ಸರ್ಕಲ್ಲಿಗೆ ಹೆಸರಿಡಬೇಕು ಅನ್ನುತ್ತೀರಿ. ಆಗಲಿ, ನನ್ನ ವಿರೋಧ ಇಲ್ಲ. ಆದರೆ ಪ್ರತಿಮೆಗೆ ಸಮಿತಿ, ಸಮಿತಿಗೆ ಅಧ್ಯಕ್ಷ, ಅಧ್ಯಕ್ಷರಿಗೆ ವಿರೋಧಿ ಬಣ. ಆಮೇಲೆ ಯಾವ ಸರ್ಕಲ್ ಅನ್ನುವ ಜಗಳ. ಜಾಗದ ಜಗಳ ಬಾಲಣ್ಣನ ಹೆಸರಿಗೆ ಸಾಕಷ್ಟು ಅಂಟಿದೆ, ಊರಿನಲ್ಲೂ ಒಂದು ಬೇಡ. ಅಕ್ಷರ ಹಾಕುವ ಕೆಲಸಕ್ಕೆ ಒಂದು ಗುಂಟೆಯೂ ಬೇಕಾಗಿಲ್ಲ.

ದಿನವನ್ನೂ ನಾನೇ ಸೂಚಿಸುತ್ತೇನೆ. ಸೆಪ್ಟೆಂಬರ್ 23 ವಿಶ್ವಸಂಸ್ಥೆ ಘೋಷಿಸಿದ ಸಂಜ್ಞಾ ಭಾಷೆಗಳ ದಿನ. ಪ್ರತಿ ವರ್ಷ ಅವತ್ತು ಕಲಾಕ್ಷೇತ್ರದಲ್ಲಿ ಬಾಲಣ್ಣನ ಒಂದು ಸಿನಿಮಾ ಇರಲಿ, ಅಕ್ಷರದ ಜೊತೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯವರಿಗೆ ಹೇಳಿದರೆ ಪಂಚಾಯಿತಿಗಳಲ್ಲಿರುವ ಪುನರ್ವಸತಿ ಕಾರ್ಯಕರ್ತರು ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಪಟ್ಟಿ ಸಮೇತ ಕರೆತರುತ್ತಾರೆ. ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಅರಸೀಕೆರೆಯಿಂದ ಒಂದು ಬಸ್ಸು, ಸಕಲೇಶಪುರದಿಂದ ಒಂದು, ಚನ್ನರಾಯಪಟ್ಟಣದಿಂದ ಒಂದು. ಮಧ್ಯಾಹ್ನಕ್ಕೆ ಪಲಾವು ಮೊಸರನ್ನ ಸಾಕು. ಉದ್ಘಾಟನಾ ಭಾಷಣ ಹತ್ತು ನಿಮಿಷ ಮೀರಬಾರದು, ಮಾತಾಡುವವರ ಪಕ್ಕದಲ್ಲಿ ಸಂಜ್ಞಾ ಭಾಷೆಯವರು ಒಬ್ಬರು ನಿಂತಿರಲೇಬೇಕು. ಇಲ್ಲದಿದ್ದರೆ ಕಿವಿ ಕೇಳಿಸದವರ ಹೆಸರಿನ ಸಮಾರಂಭದಲ್ಲಿ ಅವರೇ ಏನೂ ಅರ್ಥವಾಗದೆ ಕೂರಬೇಕಾಗುತ್ತದೆ. ಅಂಥ ಸಮಾರಂಭಕ್ಕೆ ನನ್ನ ತಂಗಿ ಹೋಗಿ ಬಂದಿದ್ದಾಳೆ.

ಮೊದಲ ವರ್ಷಕ್ಕೆ ‘ರಣಧೀರ ಕಂಠೀರವ’ ಆಗಬಹುದು. ಅಕ್ಷರದ ಮೊದಲ ಕರಡು ನಾನೂ ನಮ್ಮ ನಾಟಕದ ಮಿತ್ರರೂ ಸೇರಿ ಪುಕ್ಕಟೆಯಾಗಿ ಮಾಡಿಕೊಡುತ್ತೇವೆ. ಒಳ್ಳೆಯ ಪ್ರಿಂಟ್ ತರಿಸುವುದು ಅಕಾಡೆಮಿಯ ಜವಾಬ್ದಾರಿ, ಹಾಲ್ ಮತ್ತು ಬಸ್ಸು ಜಿಲ್ಲಾಡಳಿತದ್ದು. ಪ್ರಚಾರದ ಆಟೋಕ್ಕೆ ದನಿ ನನ್ನದು. ಆಟೋ ಮೈಕು ಕೇಳಿಸದವರಿಗೆ ಕೈಗೆ ಕೊಡಲು ಕರಪತ್ರ ಮಾತ್ರ ನೀವು ಅಚ್ಚು ಹಾಕಿಸಬೇಕು. 23ಕ್ಕೆ ಕಲಾಕ್ಷೇತ್ರದಲ್ಲಿ ಮೊದಲೇ ಯಾವುದಾದರೂ ಕುರುಕ್ಷೇತ್ರ ಬುಕ್ ಆಗಿದ್ದರೆ 24 ಆದರೂ ಪರವಾಗಿಲ್ಲ.

ಇತಿ ತಮ್ಮ ವಿಶ್ವಾಸಿ,
ಅರಸೀಕೆರೆ ತಾಲ್ಲೂಕಿನ ಒಬ್ಬ ಶಕುನಿ ಪಾತ್ರಧಾರಿ